ಗಾಲ್ಫ್ ಮೈದಾನಕ್ಕೆ ನಾಲೆ ಬಂತು

ಅಂಗಡಿಯವನು ಹೇಳಿದ ಬೆಲೆಯನ್ನು ಸುಮ್ಮನೆ ಕೊಟ್ಟು ಬರುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಎನ್ನಿಸುತ್ತದೆ. ಅರ್ಧಕ್ಕೆ ಕೇಳಬೇಕು, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಹಿಂದಿನಿಂದ ಕೂಗು ಬರುವ ತನಕ ತಿರುಗಬಾರದು. ನೀವೂ ಮಾಡಿ ನೋಡಿ. ಶಿವಮೊಗ್ಗದ ಕೋಟೆ ಬೀದಿಯಲ್ಲಿ ಮೊಳೆ, ಚಿಲಕ ಹೊತ್ತು ಮಾರುತ್ತಿದ್ದ ನಾನು ಭದ್ರಾವತಿಯಲ್ಲಿ ಸ್ವಂತ ಅಂಗಡಿ ಇಟ್ಟದ್ದು ಈ ವಿದ್ಯೆಯಿಂದಲೇ. ಪುರಸಭೆಯ ಗಾಲ್ಫ್ ಕ್ಲಬ್ಬಿಗೆ ಸದಸ್ಯನಾದದ್ದೂ ಹಾಗೆಯೇ. ಕಾರ್ಖಾನೆಯ ಸಾಹೇಬರು, ವಕೀಲರು, ಡಾಕ್ಟರು ಮಾತ್ರ ತುಳಿಯುತ್ತಿದ್ದ ಆ ಹುಲ್ಲಿನ ಮೇಲೆ ನಾನೂ ಬೂಟು ಹಾಕಿ ನಿಂತ ದಿನ, ಮನೆಗೆ ಬಂದವನೇ ನನ್ನವಳಿಂದ ದೃಷ್ಟಿ ತೆಗೆಸಿಕೊಂಡೆ.

ತೆಗೆದದ್ದು ಸಾಲಲಿಲ್ಲ. ಬೂಟಿನ ಹೊಳಪು ಮಾಸುವ ಮೊದಲೇ ಮೈದಾನದ ನಟ್ಟನಡುವೆ ನಾಲೆ ಬರುತ್ತದೆಂಬ ಸುದ್ದಿ ಬಂತು. ಅದರ ಹಿಂದೆಯೇ ಒಂದು ಮಗ್ಗುಲಿಗೆ ಹೈಟೆನ್ಷನ್ ಕಂಬಗಳು. ಇನ್ನೊಂದು ಮಗ್ಗುಲಲ್ಲಿ ರೈಲು ಹಳಿ ಮೊದಲಿಂದಲೂ ಇತ್ತು. ಪುರಸಭೆಯ ಅಧ್ಯಕ್ಷರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಉಳಿದ ಜಾಗದಲ್ಲಿ ಆಟಕ್ಕೆ ಬೇಕಾದ ಒಂಬತ್ತು ಕುಳಿ ಕೂರಿಸಿದರೆ ಸರಿ, ಇಲ್ಲವಾದರೆ ಮೈದಾನದಲ್ಲಿ ನೀರಿನ ಪೈಪು ಪೇರಿಸುವುದು. ಸಾಹೇಬರಿಗೇನು, ಟೆನಿಸ್ ಆಡಿಕೊಂಡಾರು. ಟೆನಿಸ್ ಕ್ಲಬ್ಬಿನ ಬಾಗಿಲು ನನಗೆ ತೆರೆಯಲು ಇನ್ನೊಂದು ಜನ್ಮ ಬೇಕು. ಮೈದಾನ ಉಳಿಸುವ ಕೆಲಸ ನನಗೆ ಬಿಡಿ ಎಂದುಬಿಟ್ಟೆ.

ಮೊದಲು ನಾಲೆಯ ಇಂಜಿನಿಯರರ ಹತ್ತಿರ ಹೋದೆ. ಅರ್ಧ ಮೈಲಿ ಆಚೆ ತೋಡಿ ಎಂದು ಶುರುಮಾಡಿ, ಕೊನೆಗೆ ಹತ್ತು ಗಜಕ್ಕೆ ಇಳಿಯುವುದು ನನ್ನ ಲೆಕ್ಕ. ಅವರು ನಕ್ಷೆಯಿಂದ ತಲೆಯನ್ನೇ ಎತ್ತಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದೆ, ಕೂಗು ಬರಲಿಲ್ಲ. ಗೇಟಿನ ತನಕ ಹೋದೆ. ನಾನೇ ವಾಪಸ್ಸು ಬಂದೆ.

"ಕೂತ್ಕೊಳ್ಳಿ ರುದ್ರಪ್ಪನೋರೇ," ಎಂದರು. "ನಾನು ಒಪ್ಪಬಹುದು, ನೀರು ಒಪ್ಪಬೇಕಲ್ಲ? ಅದು ಇಳಿಜಾರು ಇದ್ದ ಕಡೇನೇ ಹೋಗೋದು."

ಚೌಕಾಸಿಗೆ ಬಗ್ಗದ ಗಿರಾಕಿಯನ್ನು ನಾನು ಕಂಡದ್ದು ಅದೇ ಮೊದಲು. ನಾಲೆ ಸರಿಯದಿದ್ದರೆ ಕುಳಿಗಳಾದರೂ ಸರಿಯಲಿ ಎಂದು, ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ನಾಲೆ ಬರೆದೆ. ಕಂಬಗಳಿಗೆ ಲೋಟ ನಿಲ್ಲಿಸಿ, ಕುಳಿಗೊಂದರಂತೆ ಹುಣಸೆ ಬೀಜ ಇಡುತ್ತ ಕುಳಿತೆ. ಎಂಟು ಕೂತವು. ಒಂಬತ್ತನೆಯದು ಎಲ್ಲಿಟ್ಟರೂ ಹಳಿಯ ಮೇಲೇ ಬೀಳುತ್ತಿತ್ತು. ಗುಡಿಸಲು ಬಂದ ನನ್ನವಳು ಪೊರಕೆ ಊರಿ ನಿಂತು ನೋಡಿದಳು.

"ನೀವು ಶಿವಮೊಗ್ಗಕ್ಕೆ ಒಂದು ರಸ್ತೇಲಿ ಹೋಗಿ ಇನ್ನೊಂದು ರಸ್ತೇಲಿ ಬರ್ತೀರೇನ್ರೀ? ಹೋದ ದಾರೀಲೇ ಚೆಂಡು ವಾಪಸ್ ಹೊಡೀರಿ."

ಹಾಗೆ ಒಂದು ದಾರಿಯ ಎರಡೂ ತುದಿಗೆ ಕುಳಿ ಇಟ್ಟಾಗ ಒಂಬತ್ತು ಹಿಡಿಸಿತು. ಇನ್ನೊಂದು ದಾರಿಯಲ್ಲೂ ವಾಪಸ್ಸು ಹೊಡೆದರೆ ಹತ್ತು. ಸೇರು ಅಕ್ಕಿ ಅಳೆದು ಮೇಲೊಂದು ಹಿಡಿ ಕೊಸರು ಹಾಕದವನು ವ್ಯಾಪಾರಿಯೇ? ಖುಷಿಯಲ್ಲಿ ಹತ್ತನೆಯದನ್ನೂ ತೋಡಿಸಿಬಿಟ್ಟೆ.

ನಾಲೆಗೆ ನೀರು ಬಿಟ್ಟ ಮೇಲೆ ನಡೆದ ಮೊದಲ ಆಟದ ದಿನ ಆ ಕೊಸರೇ ಕುತ್ತಿಗೆಗೆ ಬಂತು. ಪ್ರಪಂಚದಲ್ಲೆಲ್ಲೂ ಹತ್ತು ಕುಳಿಯ ಆಟವಿಲ್ಲ, ಇದು ಗಾಲ್ಫೇ ಅಲ್ಲ ಎಂದು ವಕೀಲರು ವಾದ ಹೂಡಿದರು. ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡು, ಹಾಗಾದರೆ ಪೈಪುಗಳನ್ನೇ ತರಿಸುವುದು ವಾಸಿ ಎಂದರು.

"ಹತ್ತೂ ಆಡಿ ಸ್ವಾಮಿ," ಎಂದೆ. "ಯಾರಿಗೆ ಯಾವ ಕುಳಿ ಕೆಟ್ಟಿತೋ ಅವರಿಗೆ ಅದೇ ಕೊಸರು ಅಂತ ಲೆಕ್ಕದಿಂದ ಬಿಟ್ಬಿಡಿ."

ಅಧ್ಯಕ್ಷರ ಚೆಂಡು ಆಗತಾನೇ ನಾಲೆಯಲ್ಲಿ ಮುಳುಗಿತ್ತು. ಅವರು ಒಮ್ಮೆ ನೀರನ್ನು, ಒಮ್ಮೆ ನನ್ನನ್ನು ನೋಡಿ, "ಇದನ್ನ ಮೊದಲೇ ಹೇಳೋದಲ್ವಾ ಮಾರಾಯ" ಎಂದರು. ವಕೀಲರಿಗೂ ಮೂರನೆಯ ಕುಳಿಯಲ್ಲಿ ಮರೆಯಬೇಕಾದ ಸಂಗತಿಯೊಂದಿತ್ತು. ವಾದ ಅಲ್ಲಿಗೇ ನಿಂತಿತು. ಮೈದಾನ ಉಳಿಯಿತು.

ಈಗ ಎಲ್ಲರೂ ತಮ್ಮ ತಮ್ಮ ಕೊಸರು ಕಳೆದು ನಗುನಗುತ್ತಾ ಮನೆಗೆ ಹೋಗುತ್ತಾರೆ. ಹುಲ್ಲಿನ ಮೇಲೆ ಯೋಚಿಸುತ್ತ ಕೂರುವವನು ನಾನೊಬ್ಬನೇ. ನನ್ನ ಹತ್ತೂ ಒಂದಕ್ಕಿಂತ ಒಂದು ಕೆಟ್ಟವು, ಬಿಡುವಂಥವೇ. ಅವುಗಳಲ್ಲಿ ಒಂಬತ್ತನ್ನು ಇಟ್ಟುಕೊಳ್ಳಲೇಬೇಕಂತೆ. ಎಷ್ಟು ಚೌಕಾಸಿ ಮಾಡಿದರೂ ಒಬ್ಬರೂ ಇಳಿಸಲೊಲ್ಲರು.