ಪೈಥಾನ್ ಒಪ್ಪದ ಅಂಕಿಗಳು

ಜನ ಅಂಕಿ ಅಂದುಕೊಂಡು ಕಳಿಸಿದ್ದನ್ನು ನಿಜವಾಗಿಯೂ ಅಂಕಿ ಮಾಡುವುದು ನನ್ನ ಕೆಲಸ. ಹೈದರಾಬಾದಿಗೆ ಬಂದು ಈ ಕೆಲಸ ಹಿಡಿದಾಗಿನಿಂದ ನೆಟ್ಟಗೆ ಮುಗಿದ ವಾರವೊಂದು ನೆನಪಿಲ್ಲ. ಪಟ್ಟಿಯಲ್ಲಿ ಬರೀ ಅಕ್ಷರಗಳಾಗಿ ಕೂತ '45', '60' ಎಲ್ಲ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಲು ಬರೆದರೆ ಲೆಕ್ಕಕ್ಕೆ ಸಿಗುವ ಸಂಖ್ಯೆಗಳಾಗುತ್ತವೆ. ಆಗಬೇಕು. ನನ್ನ ಹಣೆಬರಹಕ್ಕೆ ಆಗುವುದಿಲ್ಲ.

೧. ಭಾಳ

ಸನತ್‌ನಗರದ ಕಾರ್ಖಾನೆಯೊಂದರಿಂದ ಕುಲುಮೆಯ ಬಿಸಿಯ ಪಟ್ಟಿ ಬಂತು. ಪ್ರೋಗ್ರಾಂ ಓಡಿಸಿದೆ, ನಡುವೆಯೇ ನಿಂತಿತು. ನೋಡಿದರೆ ಅಂಕಿಗಳ ಮಧ್ಯೆ ಒಂದು ಕಡೆ 'ಭಾಳ'. ಅದರ ಕೆಳಗೆ 'ಭಾಳಂದ್ರ ಭಾಳ'. ಅಲ್ಲಿನ ಸೂಪರ್‌ವೈಸರ್ ಕಲಬುರಗಿ ಕಡೆಯವರು. ಫೋನ್ ಮಾಡಿದೆ.

"ಅಣ್ಣಾರ, ಭಾಳ ಅಂದ್ರ ಎಷ್ಟ್ರಿ?"

"ಮೀಟರ್ ಕೆಟ್ಟಿತ್ರಿ ಅಕ್ಕಾರ. ಅದಕ್ಕ ಹಂಗ ಬರ್ದೀವಿ."

"ನನಗ ಅಂಕಿ ಬೇಕ್ರಿ. ಸಂಜಿಕ ರಿಪೋರ್ಟ್ ಹೋಗಬೇಕು."

"ಹಂಗಾರ ನೀವ ಬಂದು ಕುಲುಮಿಗೆ ಒಮ್ಮೆ ಕೈ ಇಟ್ಟು, ಎಷ್ಟಂತ ಹೇಳಿಬಿಡ್ರಿ."

೨. ಮಷೀನಿನ ಕಣ್ಣು

ಸಿಕಂದರಾಬಾದಿನ ಒಂದು ಆಫೀಸಿನ ಪಟ್ಟಿ. ಕಣ್ಣಿಗೆ ಶುದ್ಧ ಅಂಕಿಗಳೇ, ಹತ್ತು, ನೂರು, ನೂರಾಹತ್ತು. ಪೈಥಾನ್ ಮಾತ್ರ ಒಂದನ್ನೂ ಒಪ್ಪಲೊಲ್ಲದು. ಇಡೀ ಬೆಳಿಗ್ಗೆ ನನ್ನ ಪ್ರೋಗ್ರಾಮನ್ನೇ ಬೈದೆ, ಆಮೇಲೆ ನನ್ನನ್ನೇ ಬೈದುಕೊಂಡೆ. ಕೊನೆಗೆ ಅಕ್ಷರ ದೊಡ್ಡದು ಮಾಡಿ ನೋಡಿದರೆ ಸೊನ್ನೆ ಇರಬೇಕಾದಲ್ಲೆಲ್ಲ ಇಂಗ್ಲಿಷಿನ 'ಓ', ಒಂದು ಇರಬೇಕಾದಲ್ಲೆಲ್ಲ ಸಣ್ಣಕ್ಷರದ 'ಎಲ್'. ಟೈಪ್ ಮಾಡಿದವರು ಟೈಪ್‌ರೈಟರ್ ಕಾಲದ, ರಾಯಚೂರಿನ ಹಿರಿಯರು. ಅವರ ಹಳೇ ಮಷೀನಿನಲ್ಲಿ ಒಂದರ, ಸೊನ್ನೆಯ ಕೀಲಿಗಳೇ ಇರಲಿಲ್ಲವಂತೆ.

"ಇದನ್ನ ನಮ್ಮ ಕಂಪ್ಯೂಟರಿಗೆ ಓದಾಕ ಆಗವಲ್ದು ಕಾಕಾ," ಅಂದೆ.

"ಇಷ್ಟು ಮಂದಿ ಸಾಹೇಬ್ರು ಓದ್ಯಾರ, ಯಾರಿಗೂ ತ್ರಾಸ ಆಗಿಲ್ಲ," ಅಂದರು. "ಮೊದಲ ಅದರ ಕಣ್ಣು ಡಾಕ್ಟರಿಗೆ ತೋರಸವ್ವಾ."

೩. ಮೊದಲನೇ ರ‍್ಯಾಂಕ್

ಆಗ ಐಟಿ ಕಂಪನಿಗಳೆಲ್ಲ ಜನರನ್ನು ಬಾಚಿ ಬಾಚಿ ತೆಗೆದುಕೊಳ್ಳುತ್ತಿದ್ದ ಕಾಲ. ನಾವೂ ಹೊಸಬರಿಗೆ ಪರೀಕ್ಷೆ ಇಟ್ಟೆವು. ಒಬ್ಬ ಹುಡುಗಿಗೆ ನೂರಕ್ಕೆ ನೂರು ಬಿತ್ತು, ಉಳಿದ ಜಾಣರೆಲ್ಲ ಎಂಬತ್ತರ ಆಸುಪಾಸು. ಅವಳು ನನ್ನ ಟೀಮಿಗೆ ಬಂದರೆ ನನ್ನ ಕಷ್ಟ ಅರ್ಧ ಇಳಿಯುತ್ತದೆಂದು ಆಸೆಪಟ್ಟೆ.

ನಮ್ಮ ಮ್ಯಾನೇಜರ್ ಆಗಷ್ಟೇ ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಪೈಥಾನ್ ಕಲಿತಿದ್ದರು. "ಇದೇನ್ ದೊಡ್ಡ ಕೆಲಸ್ರಿ, ರ‍್ಯಾಂಕ್ ಪಟ್ಟಿ ನಾನ ಮಾಡ್ತೀನಿ," ಅಂದರು. ಅಂಕಗಳನ್ನು ಸಂಖ್ಯೆಯಾಗಿ ಬದಲಾಯಿಸುವುದನ್ನು ಮರೆತು ಹಾಗೇ ಸಾಲಿಗೆ ನಿಲ್ಲಿಸಿದರು. ಅಕ್ಷರವಾಗಿಯೇ ಉಳಿದದ್ದನ್ನು ಪೈಥಾನ್ ಮೊದಲ ಅಕ್ಷರ ನೋಡಿ ಸಾಲು ಮಾಡುತ್ತದೆ. ಒಂಬತ್ತು ಅಂಕದವನು ಎಲ್ಲರಿಗಿಂತ ಮೇಲೆ, ಒಂದರಿಂದ ಶುರುವಾಗುವ ನೂರು ಎಲ್ಲರಿಗಿಂತ ಕೆಳಗೆ. ಮೇಲಿದ್ದವನಿಗೆ ನೌಕರಿ, ಕೆಳಗಿದ್ದವಳಿಗೆ 'ಕ್ಷಮಿಸಿ' ಎಂಬ ಮೇಲ್.

ನನಗೆ ಗೊತ್ತಾಗಿ ಆ ಹುಡುಗಿಗೆ ಫೋನ್ ಮಾಡುವಷ್ಟರಲ್ಲಿ ಅವಳು ಬೇರೆ ಕಂಪನಿ ಸೇರಿಯಾಗಿತ್ತು. ಮ್ಯಾನೇಜರ್ ಮುಂದೆ ಗೋಳಾಡಿದೆ.

"ಅಂಕ ಹೋಗ್ಲಿ ಬಿಡ್ರಿ, ಹುಡುಗನ್ನ ಪರೀಕ್ಷಾ ಮಾಡೇಬಿಡೂಣು," ಎಂದು ಆ ಒಂಬತ್ತು ಅಂಕದವನನ್ನು ಒಳಗೆ ಕರೆಸಿದರು.

"ಏಳಕ್ಕ ಏಳು ಕೂಡಿಸಿದ್ರ ಎಷ್ಟಪಾ?"

ಹುಡುಗ ಸೂರು ನೋಡಿದ. "ಎಪ್ಪತ್ತೇಳು, ಸಾರ್."

ಸದ್ಯ, ಇನ್ನಾದರೂ ಇವರ ಕಣ್ಣು ತೆರೆದೀತು ಅಂದುಕೊಂಡೆ. ಮ್ಯಾನೇಜರ್ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು.

"ಕೇಳಿದ್ರ್ಯಾ? ಅಕ್ಷರ ಅಂತ ಹಿಡಿದ್ರ ಪೈಥಾನೂ ಎರಡು ಏಳು ಬಾಜೂಕ ಬಾಜೂಕ ಇಟ್ಟು ಎಪ್ಪತ್ತೇಳು ಅಂತೈತಿ! ಹುಡುಗ ಥೇಟ್ ಮಷೀನಿನಂಗ ವಿಚಾರ ಮಾಡ್ತಾನ. ಇವನ್ನ ನಿಮ್ಮ ಟೀಮಿಗೇ ಹಾಕ್ತೀನಿ, ಲೆಕ್ಕ ಎಲ್ಲಾ ಇವನ ಕಡಿಂದ ಚೆಕ್ ಮಾಡಿಸ್ಕೊಳ್ರಿ!"