ಮರ್ಫಿಗೆ ಊಟದ ಕರೆ

ಬಾಡಿಗೆ ಮನೆಯ ಒಡತಿ ಡೂಗನಮ್ಮನ ಮಾತು ಕೇಳಿದ್ದೇ ವೆಂಡೆಲ್ ಮಾಡಿದ ತಪ್ಪು.

"ನೋಡಪ್ಪಾ, ಸಂಜೆ ಹೆಣ್ಣು ಕೇಳೋಕೆ ಹೊರಟಿದ್ದೀಯ. ದುಡ್ಡಿಗೆ ಬ್ಯಾಸ್ಕೆಟ್‌ಬಾಲ್ ಆಡ್ತೀನಿ ಅಂದ್ರೆ ಯಾವ ತಾಯಿ ಮಗಳನ್ನ ಕೊಡ್ತಾಳೆ? ಚಡ್ಡಿ ಹಾಕ್ಕೊಂಡು ನೆಗೆಯೋದೂ ಒಂದು ಕೆಲಸಾನಾ? ಗುಮಾಸ್ತ ಅಂತ ಹೇಳು!"

ಅವನು ಮೆಚ್ಚಿದ ಹುಡುಗಿ ಹೆಟ್ಟಿಯೂ ಇದಕ್ಕೆ ಹೂಂ ಅಂದು, ತಾಯಿಗೆ ಹಾಗೇ ಹೇಳಿದ್ದಳು. ಅವಳಿಲ್ಲದೆ ವೆಂಡೆಲನಿಗೆ ಬದುಕೇ ಬೇಡವಾಗಿತ್ತು. ಅವಳ ತಾಯಿ ಗ್ರೂಬರಮ್ಮ ಅವನ ಮುಖ ಕಂಡಿರಲಿಲ್ಲ, ಹೆಸರು ಮಾತ್ರ ಕೇಳಿದ್ದಳು. ಗ್ರಹಚಾರಕ್ಕೆ ಮಧ್ಯಾಹ್ನದ ಆಟವೂ ಹೆಟ್ಟಿಯ ಊರಿನಲ್ಲೇ ಇತ್ತು. ಹಾಗಾಗಿ ಅವನು ಮರ್ಫಿ ಎಂಬ ಹೆಸರಿನಲ್ಲಿ ಆಡಿದ. ಪೆನ್ಸಿಲ್ವೇನಿಯಾದ ಗಣಿಯೂರುಗಳಲ್ಲಿ ಆಗೆಲ್ಲ ಆಟಗಾರರು ಅಂಗಿಯ ಜೊತೆಗೇ ಹೆಸರನ್ನೂ ಬದಲಿಸುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ.

ಅಂಕಣದ ಸುತ್ತ ಕೋಳಿಗೂಡಿನಂತೆ ತಂತಿಬಲೆ. ಒಳಗೆ ಆಟಗಾರರು, ಹೊರಗೆ ಬಲೆಗೆ ಮೂಗೊತ್ತಿ ನಿಂತ ಊರು. ವೆಂಡೆಲ್ ಚೆಂಡಿಗಾಗಿ ಬಲೆಯತ್ತ ಹೋದಾಗಲೆಲ್ಲ ಯಾವಳೋ ಒಬ್ಬಳು ಟೋಪಿಗೆ ಸಿಕ್ಕಿಸಿದ ಉದ್ದನೆ ಸೂಜಿ ಕಿತ್ತು ಹಿಂದಿನಿಂದ ಚುಚ್ಚುತ್ತಿದ್ದಳು.

"ನಮ್ಮೂರಿಗೆ ಬಂದು ಗೆಲ್ತೀಯೇನೋ ಮರ್ಫಿ? ತಗೋ!"

ತಿರುಗಿ ನೋಡಲು ಪುರುಸೊತ್ತೆಲ್ಲಿ? ಹಲ್ಲು ಕಚ್ಚಿಕೊಂಡು ಆಡಿದ, ಗೆಲ್ಲಿಸಿಯೂ ಬಿಟ್ಟ. ಸೋತವರು ಕೈಕುಲುಕುವ ಬದಲು ಮುಖಕ್ಕೇ ಗುದ್ದಿದರು. ಸಂಜೆಯ ಹೊತ್ತಿಗೆ ಅವನ ಮುಖ ಹುದುಗು ಬಂದ ಹಿಟ್ಟಿನಂತೆ ಉಬ್ಬಿ, ಒಂದು ಕಣ್ಣು ಮುಚ್ಚಿಯೇ ಹೋಗಿತ್ತು.

ಬಾಗಿಲು ತೆರೆದ ಗ್ರೂಬರಮ್ಮನ ದನಿ ಕೇಳಿ ವೆಂಡೆಲ್ ಒಂದು ಹೆಜ್ಜೆ ಹಿಂದಿಟ್ಟ. ಬಲೆಯಾಚೆ ಕೇಳಿದ ಅದೇ ದನಿ!

"ಅಯ್ಯೋ, ಮುಖ ಏನಾಯ್ತು?"

"ಟ್ರಾಮಿಂದ ಬಿದ್ದೆ."

"ಓಡ್ತಿತ್ತಾ?"

"ಇಲ್ಲ... ನಿಂತಿತ್ತು."

ಊಟಕ್ಕೆ ಕುರ್ಚಿ ಎಳೆದರು. ಕೂತವನು ಕೂತಷ್ಟೇ ಬೇಗ ಎದ್ದ.

"ಗುಮಾಸ್ತರಿಗೆ ಕೂತ್ಕೊಳ್ಳೋದೇ ಕೆಲಸ ಅಲ್ವೇ?" ಎಂದಳು ಗ್ರೂಬರಮ್ಮ. ಹುಳಿಕೋಸು ಬಡಿಸುತ್ತ ನಿಟ್ಟುಸಿರು ಬಿಟ್ಟಳು. "ಇವತ್ತು ಆಟದಲ್ಲಿ ಒಬ್ಬನನ್ನ ನೋಡ್ದೆ, ಮರ್ಫಿ ಅಂತ. ಈ ಕೈಯಾರೆ ಸೂಜಿಯಲ್ಲಿ ಚುಚ್ಚಿದ್ದೀನಿ. ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ! ಅಳಿಯ ಅಂದ್ರೆ ಅಂಥವನಿರ್ಬೇಕು."

ವೆಂಡೆಲನಿಗೆ ಹೋದ ಜೀವ ಬಂದಂತಾಯಿತು. "ತಾಯಿ, ನಾನೇ ಆ ಮರ್ಫಿ!"

"ಹೌದಮ್ಮಾ, ಇವರೇ!" ಎಂದಳು ಹೆಟ್ಟಿ.

"ಹಾಗಾದ್ರೆ ಗುಮಾಸ್ತ ಯಾರು?"

"ಅದು... ಸುಳ್ಳು ಹೇಳಿದ್ವಿ."

"ಅದು ಸುಳ್ಳು, ಇದು ಮಾತ್ರ ನಿಜಾನಾ? ನಾನು ಚುಚ್ಚಿದ ಗಾಯ ಇರ್ಬೇಕಲ್ಲ, ತೋರ್ಸಿ ನೋಡೋಣ!"

ವೆಂಡೆಲನ ಕೈ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು. ಹೆಟ್ಟಿ ಕೆಂಪಾಗಿ ಮೇಜಿನ ಬಟ್ಟೆ ನೋಡತೊಡಗಿದಳು. ಹೆಣ್ಣು ಕೇಳಲು ಬಂದ ಮನೆಯಲ್ಲಿ ಷರಾಯಿ ಇಳಿಸಿ ಸಾಕ್ಷಿ ಹೇಳುವುದುಂಟೆ!

"ನಂಗೊತ್ತಿತ್ತು," ಎಂದು ಗ್ರೂಬರಮ್ಮ ಅವನ ಟೋಪಿ ತಂದು ಕೈಗಿಟ್ಟಳು. "ಹೋಗ್ಲಿ, ನೀವೂ ಅವನ ಊರಿನವರೇ ತಾನೇ? ಒಂದು ಉಪಕಾರ ಮಾಡಿ. ನಾಳೆ ಮಧ್ಯಾಹ್ನ ಊಟಕ್ಕೆ ಬರೋಕೆ ಮರ್ಫಿಗೆ ಹೇಳಿ. ಹೆಟ್ಟಿನ ಅವನಿಗೇ ಕೊಡೋಣ ಅಂತಿದ್ದೀನಿ. ಈ ಮುಖ ಹೊತ್ಕೊಂಡು ನೀವು ಮಾತ್ರ ಜೊತೆಗೆ ಬರ್ಬೇಡಿ."