ಗುಡ್ಡ ಹತ್ತಿದ ಮಗ್ಗ

ಎಲ್ಲಾ ತಂಟೆಗೂ ಮೂಲ ಆ ಕೈಗಡಿಯಾರ.

ಇಳಕಲ್ಲಿನ ಶ್ರೀಧರನಿಗೆ ಶುಗರ್ ಬಂದಿದೆ ಎಂದು ಡಾಕ್ಟರು ಹೇಳಿದ ವಾರವೇ ಮಗಳು ಸುಶ್ಮಿತಾ ಅದನ್ನು ತಂದಳು. ಊರಿನ ದವಾಖಾನೆಯೊಂದರಲ್ಲಿ ಅವಳು ನರ್ಸ್; ಅದು ಅವಳ ಮೊದಲ ಪಗಾರ. ಕಟ್ಟಿಕೊಂಡವರು ಎಷ್ಟು ನಡೆದರೆಂದು ಎಣಿಸಿ ಅವಳ ಮೊಬೈಲಿಗೆ ಚಾಡಿ ಹೇಳುವ ಗಡಿಯಾರ.

"ಅಪ್ಪಾ, ನಿನ್ನ ವಾರಿಗಿಯವರನ್ನ ದಿನಾ ಸ್ಟ್ರೆಚರ್ ಮ್ಯಾಲ ನೋಡ್ತೇನಿ. ನಿನ್ನ ಹಂಗ ನೋಡೂದು ನನ್ನ ಕೈಲೆ ಆಗೂದಿಲ್ಲ," ಎನ್ನುತ್ತ ಅಪ್ಪನ ಮುಂಗೈಗೆ ಕಟ್ಟಿದಳು.

ಹೆಂಡತಿ ಮಹಾನಂದಾ ತನ್ನದೊಂದು ಷರತ್ತು ಸೇರಿಸಿದಳು. "ದಿನಾ ನಡದ್ರ ರವಿವಾರ ಒಂದ್ ಪ್ಲೇಟ್ ಮಿರ್ಚಿ ಭಜಿ. ಇಲ್ಲಂದ್ರ ನವಣಿ ಅನ್ನ, ಹಾಗಲಕಾಯಿ. ನೋಡ್ರಿ ಮತ್ತ."

ಭಜಿಯ ಆಸೆಗೆ ಶ್ರೀಧರ ಒಂದೆರಡು ದಿನ ನಡೆದ. ಆಮೇಲೆ ಮೊಣಕಾಲು ಮುಷ್ಕರ ಹೂಡಿದವು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಕಾಲು ಒತ್ತಿಕೊಳ್ಳುತ್ತ ಕೂತಿದ್ದವನಿಗೆ, ಎರಡನೇ ಮಗ್ಗದ ಹಲಗೆ ಹಿಂದೆ ಮುಂದೆ ತೂಗಾಡುವುದು ಕಣ್ಣಿಗೆ ಬಿತ್ತು. ನಡೆಯುವವನ ಕೈಯೂ ಹೀಗೇ ಅಲ್ಲವೇ ತೂಗುವುದು? ಗಡಿಯಾರ ಬಿಚ್ಚಿ ಹಲಗೆಗೆ ಕಟ್ಟಿಬಿಟ್ಟ.

ಅಂದಿನಿಂದ ಮಗ್ಗ ನಡೆಯಿತು, ಶ್ರೀಧರ ಚಹಾ ಕುಡಿದ, ರವಿವಾರಕ್ಕೆ ಭಜಿ ಬಂತು. ಕರೆಂಟು ಹೋದಾಗ ಮಾತ್ರ ಅವನ ವಾಕಿಂಗೂ ನಿಲ್ಲುತ್ತಿತ್ತು.

"ಮಾಲಕ್ರ, ಈ ಮಗ್ಗಕ್ಕೂ ಶುಗರ್ ಬಂದೈತೇನ್ರಿ?" ಎಂದು ಮಗ್ಗ ನೋಡಿಕೊಳ್ಳುವ ಮೀರಾಸಾಬ ಕೇಳಿದ.

"ಬಾಯಿ ಮುಚ್ಚಿ ನೇಯಿ," ಎಂದ ಶ್ರೀಧರ.

ಕೀರ್ತಿ ಎನ್ನುವುದು ಬೆಲ್ಲದ ವಾಸನೆಯಂತೆ, ಮುಚ್ಚಿಟ್ಟರೂ ಇರುವೆ ಬರುತ್ತವೆ. ಒಂದು ಸಂಜೆ ಓಣಿಯ ವಾಕಿಂಗ್ ಬಳಗದ ಮುಖಂಡ, ನಿವೃತ್ತ ಡ್ರಿಲ್ ಮಾಸ್ತರ ಹುಲ್ಲಪ್ಪ ಬಾಗಿಲಲ್ಲಿ ನಿಂತಿದ್ದರು.

"ಏನ್ ನಡಿತೀಯೋ ಶ್ರೀಧರ! ರವಿವಾರ ಬಾದಾಮಿ ಕಡೆ ಮಲಪ್ರಭಾ ಕೊಳ್ಳಕ್ಕ ಹೊಂಟೇವಿ. ಕಡಿದಾದ ಕಾಡದಾರಿ, ಇಳದು ಹತ್ತಬೇಕು. ನೀನ ಲೀಡರ್."

ಶ್ರೀಧರ ಕೆಮ್ಮುವಷ್ಟರಲ್ಲಿ ಮಹಾನಂದಾ ಒಳಗಿನಿಂದಲೇ ಹೇಳಿದಳು, "ಬರ್ತಾರ ತಗೋರಿ!"

ರವಿವಾರ ಬೆಳಿಗ್ಗೆ ಬಳಗದ ಟ್ರ್ಯಾಕ್ಸ್ ಗಾಡಿ ಗುಡೂರು ದಾಟುವಾಗ ಶ್ರೀಧರ ಅಂಗಿಯ ತೋಳು ಮಡಚಿದ. ಮುಂಗೈ ಬರಿದು! ಗಡಿಯಾರ ಮಗ್ಗದ ಮೇಲೇ ಉಳಿದಿತ್ತು. ಕಿಟಕಿಗೆ ಮುಖ ಹಾಕಿ ಫೋನಿನಲ್ಲಿ ಪಿಸುಗುಟ್ಟಿದ. "ಮೀರಾಸಾಬ, ಎರಡನೇ ಮಗ್ಗ ಬಂದ್ ಮಾಡಬ್ಯಾಡ. ಇವತ್ತ ನಾ ಭಾಳ ನಡಿಯೂದೈತಿ."

ಎರಡು ಕೆಂಪು ಗುಡ್ಡಗಳ ನಡುವೆ ಹೊಳೆ ಇಕ್ಕಟ್ಟಿನ ಓಣಿಯಲ್ಲಿ ಹೋಗುವ ಎಮ್ಮೆಯಂತೆ ಮೈ ತಿಕ್ಕುತ್ತ ಸಾಗಿತ್ತು. ಮಳೆ ಕಂಡ ಕಾಡು ಹಸಿರಾಗಿತ್ತು. ಇಳಿಯುವಾಗ ಶ್ರೀಧರ ನಿಜಕ್ಕೂ ಲೀಡರೇ. ಹೊಟ್ಟೆ ಮುಂದೆ ಎಳೆಯಿತು, ಕಾಲು ಹಿಂದೆ ಓಡಿಬಂದವು. ಕೆಳಗೆ ನೀರಿನ ಬಳಿ ಅವನು ತನ್ನ ರೊಟ್ಟಿ ಚೀಲ ಇಟ್ಟಿದ್ದೇ ತಡ, ಮಂಗವೊಂದು ಅದನ್ನು ಹೊತ್ತು ಮರ ಏರಿತು.

"ಹೋಗ್ಲಿ ಬಿಡ್ರಿ," ಎಂದು ಪಕ್ಕದ ಮನೆಯ ರಮಾಬಾಯಿ ಸಮಾಧಾನ ಹೇಳಿದಳು. "ಅದಕ್ಕರ ಶುಗರ್ ಇಲ್ಲ."

ಆಮೇಲೆ ಹೊಳೆ ದಾಟಿ ಆಚೆ ದಂಡೆಯ ಏರು. ದಾರಿ ಗೋಡೆಗೆ ನಿಲ್ಲಿಸಿದ ಏಣಿಯಂತಿತ್ತು. ಮೊದಲ ತಿರುವಿನ ಬಂಡೆಯ ಮೇಲೆ ಶ್ರೀಧರ ಹಸಿ ಹಿಟ್ಟಿನ ಮುದ್ದೆಯಂತೆ ಕುಸಿದ. ಅಷ್ಟರಲ್ಲಿ ಫೋನು.

"ಅಪ್ಪಾ! ಎಷ್ಟ್ ಜೋರ್ ಓಡಾಕತ್ತಿ? ನನ್ನ ಮೊಬೈಲ್ನ್ಯಾಗ ಕಾಣಾಕತ್ತೈತಿ. ಸ್ವಲ್ಪ ಕುಂದ್ರು!"

"ಕುಂದ್ರಾಕ ಪುರಸೊತ್ತ ಎಲ್ಲೈತಿ ಮಗಳ," ಎಂದ ಕೂತವನು, ಏದುಸಿರು ಬಿಡುತ್ತ. ರಮಾಬಾಯಿ ಅವನನ್ನೂ ಬಂಡೆಯನ್ನೂ ಸರದಿಯಂತೆ ನೋಡಿದಳು.

ಬೆವರು ಆರುವ ಮೊದಲೇ ಮತ್ತೆ ಫೋನು. ಈಗ ಮಗಳ ದನಿ ನಡುಗುತ್ತಿತ್ತು. "ಅಪ್ಪಾ, ನಿಂತ ಬಿಟ್ಟೆಲ್ಲ! ಗಡಿಯಾರ ಸುಮ್ನಾಗೈತಿ. ಎದಿ ನೋಯಾಕತ್ತೈತೇನು? ಅವ್ವ ಅಳಾಕತ್ತಾಳ. ತಡಿ, ಮಾಸ್ತರಿಗೆ ಹೇಳ್ತೇನಿ!"

ಇಳಕಲ್ಲಿನಲ್ಲಿ ಕರೆಂಟು ಹೋಗಿರಬೇಕು! ನಿಜ ಹೇಳಿದರೆ ಭಜಿಯೂ ಹೋಯಿತು, ಮರ್ಯಾದೆಯೂ ಹೋಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಹುಲ್ಲಪ್ಪ ಮಾಸ್ತರರ ಫೋನು ಗುನುಗಿತು.

"ಏನ್, ಹಾರ್ಟಾ?" ಎಂದು ಮಾಸ್ತರು ಕೊಳ್ಳ ಮರುದನಿ ಕೊಡುವಂತೆ ಕೂಗಿದರು. "ಎರಡ ಬಡಿಗಿ ತರ್ರಿ! ಟವೆಲ್ ಕಟ್ರಿ! ಇವನ್ನ ಹೊತ್ಕೊಂಡ ಹೋಗೂಣು!"

ರಮಾಬಾಯಿ ತನ್ನ ಬುತ್ತಿಯಿಂದ ಉಳ್ಳಾಗಡ್ಡಿ ತೆಗೆದು ಒಡೆದು ಅವನ ಮೂಗಿಗೆ ಹಿಡಿದಳು. ಸೀರೆಯ ಗಂಟಿನ ಹಾಗೆ ಓಣಿಯವರ ಹೆಗಲ ಮೇಲೆ ಊರು ಸೇರುವ ಚಿತ್ರ ಶ್ರೀಧರನ ಕಣ್ಣಿಗೆ ಕಟ್ಟಿತು. ಅದಕ್ಕಿಂತ ಗುಡ್ಡವೇ ವಾಸಿ. ಎದ್ದವನೇ ಏರತೊಡಗಿದ.

"ಲೇ, ನಿಲ್ಲೋ! ಎದಿ ಒಡದೀತು!" ಎಂದು ಮಾಸ್ತರು ಬೆನ್ನಟ್ಟಿದರು. ಅವರ ಹಿಂದೆ ಬಡಿಗೆ, ಟವೆಲು, ಉಳ್ಳಾಗಡ್ಡಿ.

ಶ್ರೀಧರ ಸೀತಾಫಲದ ಗಿಡ ಹಿಡಿದ, ಬೇರು ಹಿಡಿದ, ಒಮ್ಮೆ ಮುಳ್ಳುಕಂಟಿ ಹಿಡಿದು ಕುಲದೇವರನ್ನು ನೆನೆದ. ಎರಡು ಕಾಲು ಸಾಲದಾದಾಗ ನಾಲ್ಕರಲ್ಲಿ ಏರಿದ. ಕೊನೆಗೆ ತಲೆ ಎತ್ತಿದರೆ ಮುಂದೆ ಏರೇ ಇರಲಿಲ್ಲ. ತಂಪು ಗಾಳಿ ಬೆವರಿದ ಅಂಗಿಯೊಳಗೆ ನುಗ್ಗಿತು. ಕೆಳಗೆ ಹೊಳೆ, ಬಿಸಿಲಿಗೆ ಒಣಹಾಕಿದ ಸೀರೆಯ ಜರಿಯಂಚಿನಂತೆ ಹೊಳೆಯಿತು. ಎದೆ ಡೋಲಿನಂತೆ ಬಡಿಯುತ್ತಿದ್ದರೂ ಗಟ್ಟಿಯಾಗಿಯೇ ಬಡಿಯುತ್ತಿತ್ತು. ಮೊಣಕಾಲು ಎಂಬವು ಇದ್ದದ್ದೇ ಅವನಿಗೆ ಮರೆತಿತ್ತು.

'ಅರೆ, ನಾ ಹತ್ತಿದ್ನಲ್ಲ!' ಎಂದುಕೊಂಡ. ಯಾರಿಗೂ ಸುಳ್ಳು ಹೇಳದೆ ಖುಷಿಪಟ್ಟು ಬಹಳ ದಿನವಾಗಿತ್ತು.

ಸಂಜೆ ಕುಂಟುತ್ತ ಮನೆ ಹೊಕ್ಕರೆ ಮೂಗಿಗೆ ಮಿರ್ಚಿ ಭಜಿಯ ಘಮ. ಸುಶ್ಮಿತಾ ಬಾಗಿಲಲ್ಲೇ ಅಡ್ಡ ನಿಂತಳು.

"ಮಧ್ಯಾಹ್ನ ಯಾಕ ನಿಂತಿದ್ದೆಪ್ಪಾ?"

"ನಾ ಎಲ್ಲಿ ನಿಂತಿದ್ದೆ? ಕರೆಂಟ್ ಹೋಗಿತ್ತು," ಎಂದವನು ನಾಲಿಗೆ ಕಚ್ಚಿಕೊಂಡ.

"ಕರೆಂಟ್ ಹೋಗಿರ್ಲಿಲ್ಲ." ಮಗಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗಡಿಯಾರ. "ನಾನ ಬಿಚ್ಚಿಕೊಂಡಿದ್ದೆ. ಈ ಗಡಿಯಾರದ ದನಿ ನಮ್ಮ ಅಂಗಳ ದಾಟೂದಿಲ್ಲಪ್ಪಾ. ಕೊಳ್ಳದಾಗ ನೀ ಓಡಿದ್ದು ನನಗ ಹ್ಯಾಂಗ ಕಾಣಬೇಕು?"

ಶ್ರೀಧರ ಗೋಡೆಗೊರಗಿದ. "ಯಾವಾಗಿಂದ ಗೊತ್ತೈತಿ?"

"ಕರೆಂಟ್ ಹೋದಾಗೆಲ್ಲಾ ನಮ್ಮಪ್ಪ ನಿಲ್ಲಾಕತ್ತಾಗಿಂದ. ನಿನ್ನ ಲೀಡರ್ ಮಾಡ್ರಿ ಅಂತ ಮಾಸ್ತರಿಗೆ ಹೇಳಿದಾಕೀನೂ ನಾನ. ಸ್ಟ್ರೆಚರ್ ನಾಟಕ ಮಾತ್ರ ಅವರದ ಸ್ವಂತದ್ದು."

ಎನ್ನುತ್ತ ಅಪ್ಪನ ಮುಂಗೈ ಹಿಡಿದು ನಾಡಿ ನೋಡಿದಳು. ಮುಖ ಅರಳಿತು. "ಛಲೋ ಬಡಿಯಾಕತ್ತೈತಿ," ಎಂದು ಗಡಿಯಾರವನ್ನು ಬಿಗಿಯಾಗಿ ಕಟ್ಟಿದಳು. "ನಾಳೆ ನಸುಕಿನ್ಯಾಗ ಎಬ್ಬಸ್ತೇನಿ. ನಾನೂ ಬರ್ತೇನಿ."

"ಹೋಗೂಣು," ಎಂದ ಶ್ರೀಧರ. ಆಶ್ಚರ್ಯವೆಂದರೆ ಅದು ಮನಸಾರೆ ಬಂದ ಮಾತು. ಆ ಧೈರ್ಯದಲ್ಲೇ ಅಡುಗೆಮನೆಗೆ ಇಣುಕಿದ. "ಮಹಾನಂದಾ, ಇವತ್ತ ಖರೇನ ನಡದೇನಿ. ಭಜಿ?"

ಬಾಣಲೆಯಲ್ಲಿ ಎಣ್ಣೆ ತಣ್ಣಗಾಗಿತ್ತು. ತಟ್ಟೆಯಲ್ಲಿ ಮೆಣಸಿನಕಾಯಿಯ ಒಂದು ತೊಟ್ಟು.

"ಷರತ್ತ ಅಂದ್ರ ಷರತ್ರಿ. ವಾರಪೂರ್ತಿ ನಡದವರಿಗೆ ಭಜಿ. ನಡದದ್ದು ಎರಡನೇ ಮಗ್ಗ," ಎಂದಳು ಮಹಾನಂದಾ, ಹಾಗಲಕಾಯಿ ಹೆಚ್ಚುತ್ತ. "ಅದಕ್ಕ ಬಾಯಿಲ್ಲ. ಹಂಗಾಗಿ ಅದನ್ನ ನಡಸೂ ಮೀರಾಸಾಬಗ ಕೊಟ್ಟೆ."

ಹಿಂದಿನ ಶೆಡ್ಡಿನಿಂದ ತೃಪ್ತ ತೇಗೊಂದು ಕೇಳಿಸಿತು. ಅದರ ಬೆನ್ನಿಗೇ ದನಿಯೂ ಬಂತು: "ಮಾಲಕ್ರ, ಮುಂದಿನ ರವಿವಾರ ಮೂರನೇ ಮಗ್ಗಾನೂ ನಡಸೂಣೇನ್ರಿ?"